ಹೊಟ್ಟೆ ತುಂಬಿದ ಹಸಿವು
(ಎಳೆಯ ಮಕ್ಕಳಲ್ಲಿ ಜೀವಸತ್ವ ಹಾಗೂ ಖನಿಜಗಳ ಕೊರತೆ)

— ಅಂತಿಮ ಬಿ.ಎ. ವಿದ್ಯಾರ್ಥಿನಿ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲುದೆಂದರೆ ಏನು? ಹೊಟ್ಟೆ ತುಂಬ ಉಣ್ಣುವುದೆಂದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಮಗು ಅಳದೆ ಮಲಗಿತೆಂದರೆ ಅದರ ಹಸಿವು ಹಿಂಗಿತೆಂದು ನಾವು ನಿಶ್ಚಿಂತರಾಗುತ್ತೇವೆ. ಹೊಟ್ಟೆಗೆ ತಿಳಿಯದೆ ನೆತ್ತರಿಗೂ ಎಲುಬಿಗೂ ಕಣ್ಣಿಗೂ ಮಿದುಳಿಗೂ ಮಾತ್ರ ತಿಳಿಯುವ ಇನ್ನೊಂದು ಬಗೆಯ ಹಸಿವುಂಟು. ಅದು ಜೀವಸತ್ವಗಳ ಮತ್ತು ಖನಿಜಗಳ ಹಸಿವು. ಅದಕ್ಕೆ ಅಳುವಿಲ್ಲ, ಆದುದರಿಂದಲೇ ಅದು ಹೆಚ್ಚು ಅಪಾಯಕರ. ಮಾತು ಬಾರದ ಕೂಸು ಊಟವನ್ನು ಬಲ್ಲುದೆಂತು? ಅದರ ಪರವಾಗಿ ಬಲ್ಲವರು ಮನೆಯಲ್ಲಿ ಇರಬೇಕಾಗುತ್ತದೆ.

ನಾನು ವಿಜ್ಞಾನದ ವಿದ್ಯಾರ್ಥಿನಿಯಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ ನನ್ನನ್ನು ಈ ವಿಷಯದ ಪುಸ್ತಕಗಳ ಕಡೆಗೆ ಎಳೆಯಿತು. ಅದನ್ನು ಮುಂದೆ ಅದರ ಸ್ಥಳದಲ್ಲಿ ಹೇಳುತ್ತೇನೆ. ಓದಿ ತಿಳಿದುದನ್ನು ನನ್ನ ಸಹಪಾಠಿಗಳ ಮುಂದೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಕೋಳಿಗಳು ಕಲಿಸಿದ ಪಾಠ

ನಮ್ಮ ಆಹಾರದಲ್ಲಿ ಪಿಷ್ಟ, ಸಸಾರಜನಕ, ಮೇದಸ್ಸು ಎಂಬ ಮೂರು ಮುಖ್ಯ ಪದಾರ್ಥಗಳುಂಟು. ಇವು ಹಿಡಿಗಟ್ಟಲೆ ಬೇಕಾದವು. ಇವಲ್ಲದೆ ಚಿಟಿಕೆಯಷ್ಟೂ ಬೇಡದ, ಆದರೆ ಇಲ್ಲದೆ ದೇಹ ನಡೆಯದ ಕೆಲವು ಪದಾರ್ಥಗಳಿವೆಯೆಂಬುದು ತಿಳಿದು ಬಂದು ಹೆಚ್ಚು ಕಾಲವಾಗಿಲ್ಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್ ಎಂಬಾತನು ಆಸ್ಪತ್ರೆಯ ಅಂಗಳದ ಕೋಳಿಗಳು ಕಾಲಿನ ಶಕ್ತಿಗುಂದಿ ಬೀಳುವುದನ್ನು ಕಂಡನು. ಅವು ತಿನ್ನುತ್ತಿದ್ದುದು ಹೊಳಪು ಕೊಟ್ಟ ಬಿಳಿಯ ಅಕ್ಕಿಯ ಅನ್ನ. ತೌಡು ತೆಗೆಯದ ಅಕ್ಕಿಯನ್ನು ಹಾಕಿದೊಡನೆ ಅವು ಚೇತರಿಸಿಕೊಂಡವು. ಬಿಳಿಯ ಅಕ್ಕಿಯಲ್ಲಿ ಯಾವುದೋ ವಿಷವಿರಬೇಕೆಂದು ಅವನು ಮೊದಲು ಊಹಿಸಿದನು. ಅಲ್ಲಿ ವಿಷವಿರಲಿಲ್ಲ, ಬೇಕಾದುದೊಂದು ಇಲ್ಲದಿದ್ದುದೇ ರೋಗಕ್ಕೆ ಕಾರಣವೆಂಬುದು ಆ ಬಳಿಕ ತಿಳಿಯಿತು. ‘ಇರುವುದರಿಂದ’ ರೋಗ ಬರುವಂತೆ ‘ಇಲ್ಲದಿರುವುದರಿಂದಲೂ’ ರೋಗ ಬರಬಹುದೆಂಬುದು ವೈದ್ಯಶಾಸ್ತ್ರಕ್ಕೆ ಒಂದು ಹೊಸ ವಿಚಾರವೇ ಆಯಿತು. 1912ರಲ್ಲಿ ಫಂಕ್ ಎಂಬ ವಿಜ್ಞಾನಿ ಇಂಥ ಪದಾರ್ಥಗಳಿಗೆ ‘ವಿಟಮಿನ್’ ಎಂಬ ಹೆಸರು ಕೊಟ್ಟನು. 1929ರಲ್ಲಿ ಐಕ್‌ಮನ್‌ನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ನಮ್ಮ ದೇಶದಲ್ಲಿ ಈ ಶಾಸ್ತ್ರದ ತವರು ನೀಲಗಿರಿಯ ಕೂನೂರು. ಅಲ್ಲಿ 1918ರಲ್ಲಿ ಮೆಕ್ಯಾರಿಸನ್ ಎಂಬ ವೈದ್ಯಾಧಿಕಾರಿ ಬೆರಿಬೆರಿ ರೋಗದ ವಿಚಾರಣೆಯನ್ನು ಆರಂಭಿಸಿದನು. ಅದೇ ಬೆಳೆದು ಆಹಾರ ಸಂಶೋಧನಾಲಯವಾಗಿ, 1958ರಲ್ಲಿ ಹೈದರಾಬಾದಿಗೆ ಹೋಗಿ, 1969ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯೆಂದು ಹೆಸರಾಗಿದೆ. ನಾವಿಂದು ಯಾವ ಸೊಪ್ಪಿನಲ್ಲಿ ಏನಿದೆ, ಯಾವ ಕಾಳಿನಲ್ಲಿ ಎಷ್ಟಿದೆ ಎಂದು ಅಂಕಿಗಳಲ್ಲಿ ಹೇಳಬಲ್ಲೆವಾದರೆ ಅದು ಈ ಸಂಸ್ಥೆಯ ಪರಿಶ್ರಮದ ಫಲ.

ಬಾಣಂತಿಯ ತಟ್ಟೆ

ಹುಟ್ಟಿದ ಕೂಸಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆರಿಗೆಯಾದೊಡನೆ ಬರುವ ದಪ್ಪನಾದ ಹಳದಿ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಕಡೆ ಇತ್ತು, ಪೂರ್ತಿ ಹೋಗಿಯೂ ಇಲ್ಲ. ಆ ಹಳದಿ ಬಣ್ಣ ‘ಎ’ ಜೀವಸತ್ವದ ಮೂಲವಾದ ಕೆರೋಟಿನ್ನಿನದು. ಅದನ್ನು ಚೆಲ್ಲುವುದೆಂದರೆ ಮಗುವಿನ ಮೊದಲ ಔಷಧವನ್ನೇ ಚೆಲ್ಲಿದಂತೆ.

ಆದರೆ ತಾಯಿಯ ಹಾಲಿನಲ್ಲಿರುವುದು ತಾಯಿಯ ಮೈಯಲ್ಲಿ ಇರಬೇಕಷ್ಟೆ. ಸುಣ್ಣದಂಥ ಕೆಲವನ್ನು ತಾಯಿಯ ದೇಹ ತನ್ನ ಎಲುಬನ್ನು ಕರಗಿಸಿಯಾದರೂ ಹಾಲಿಗೆ ಒದಗಿಸುತ್ತದೆ. ಆದರೆ ‘ಬಿ’ ಗುಂಪಿನ ಜೀವಸತ್ವಗಳ ಮಾತು ಬೇರೆ. ತಾಯಿ ಉಂಡರೆ ಹಾಲಿನಲ್ಲಿ ಉಂಟು, ಉಣ್ಣದಿದ್ದರೆ ಇಲ್ಲ. ನಮ್ಮ ಕಡೆ ಬಾಣಂತಿಗೆ ಎಷ್ಟೋ ಮನೆಗಳಲ್ಲಿ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ ಇಷ್ಟೇ ಪಥ್ಯ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ನೆಗಡಿ ಎಂದು ಒಂದೊಂದಾಗಿ ತಟ್ಟೆಯಿಂದ ಹೊರಹೋಗುತ್ತವೆ. ಅನ್ನವಾದರೂ ಮಿಲ್ಲಿನಲ್ಲಿ ಹೊಳಪು ಕೊಟ್ಟ ಅಕ್ಕಿಯದು. ಅದನ್ನು ಮೂರು ನೀರಿನಲ್ಲಿ ತೊಳೆದು, ಬೇಯಿಸಿ, ಗಂಜಿಯನ್ನು ಬಸಿದ ಮೇಲೆ ನೀರಿನಲ್ಲಿ ಕರಗುವ ‘ಬಿ1’ ಜೀವಸತ್ವ ಅಂದರೆ ಥಯಮಿನ್ ಅದರಲ್ಲಿ ಉಳಿಯುವುದಾದರೂ ಎಲ್ಲಿ?

ಇದರ ಫಲವನ್ನು ಅನುಭವಿಸುವುದು ಕೂಸು. ಎರಡು ಮೂರು ತಿಂಗಳ, ನೋಡಲು ಮೈತುಂಬಿಕೊಂಡ ಮಗು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಏದುಸಿರು ಬಿಡುತ್ತದೆ. ಅಳುವಿನ ಸ್ವರವೇ ಉಡುಗುತ್ತದೆ. ಇದು ಶಿಶುಗಳ ಬೆರಿಬೆರಿ; ಹೃದಯವನ್ನು ಹಿಡಿಯುವ ರೋಗ. ಹಿಂದಿನ ಕಾಲದ ರೋಗವೆಂದು ಇದನ್ನು ಮರೆಯುವಂತಿಲ್ಲ. ಇತ್ತೀಚಿನ ವರ್ಷಗಳಲ್ಲಿಯೂ ನಮ್ಮ ಕರ್ನಾಟಕದ ವೈದ್ಯರೇ ಇಂಥ ಹಸುಳೆಗಳನ್ನು ಕಂಡು ವರದಿ ಮಾಡಿದ್ದಾರೆ: ತಾಯಂದಿರು ಹೊಳಪಿನ ಅಕ್ಕಿಯ ಅನ್ನದ ಪಥ್ಯದಲ್ಲಿದ್ದವರು, ಮಕ್ಕಳು ತಾಯಿಹಾಲನ್ನಷ್ಟೇ ಕುಡಿಯುತ್ತಿದ್ದವು, ಥಯಮಿನ್ ಕೊಟ್ಟ ಅಲ್ಪಕಾಲದಲ್ಲಿಯೇ ಚೇತರಿಸಿಕೊಂಡವು. ಕೆಲವು ಪೈಸೆ ಬೆಲೆಯ ಒಂದು ಪದಾರ್ಥ ಒಂದು ಪ್ರಾಣವನ್ನು ಹಿಡಿದು ನಿಲ್ಲಿಸುವುದೆಂದರೆ ಇದೇ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ ಈ ಕೊರತೆ ಅಷ್ಟಾಗಿ ಇಲ್ಲ. ಬತ್ತವನ್ನು ಹೊಟ್ಟಿನ ಸಹಿತ ಕುದಿಸುವಾಗ ಹೊರಪದರದ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಬೆಳ್ತಿಗೆ ಅಕ್ಕಿಯನ್ನು ಉಣ್ಣುತ್ತಿದ್ದ ಆಂಧ್ರದ ಕರಾವಳಿ ಜಿಲ್ಲೆಗಳಲ್ಲಿ ಬೆರಿಬೆರಿ ಹೆಚ್ಚಾಗಿದ್ದು, ಕುಚ್ಚಲಕ್ಕಿ ಉಣ್ಣುವ ಕಡೆ ಅದು ವಿರಳವಾಗಿದ್ದುದಕ್ಕೆ ಇದೇ ಕಾರಣ. ಹಾಗೆಯೇ ಬಾಣಂತಿಯ ಆಹಾರವೆಲ್ಲ ತಪ್ಪೆಂದು ತಿಳಿಯಬಾರದು. ಉತ್ತರ ಕರ್ನಾಟಕದ ಅಂಟಿನ ಉಂಡೆ, ಆಳ್ವಿ ಪಾಯಸ ಇವು ಪುಷ್ಟಿಕರವಾದವು. ಆಳ್ವಿಯಲ್ಲಿ ಕಬ್ಬಿಣ ಹೇರಳವಾಗಿದೆ. ಹಳೆಯದರಲ್ಲಿ ಸೇರಿಸುವ ಪಥ್ಯವೂ ಇದೆ, ಬಿಡಿಸುವ ಪಥ್ಯವೂ ಇದೆ. ಸೇರಿಸುವುದನ್ನು ಉಳಿಸಿಕೊಂಡು ಬಿಡಿಸುವುದನ್ನು ಬಿಡುವುದು ಲೇಸು.

ಇದೇ ಗುಂಪಿನ ಇನ್ನೊಂದು ‘ಬಿ12’. ಇದು ಸಸ್ಯಗಳಲ್ಲಿಲ್ಲ, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಉಂಟು. 1962ರಲ್ಲಿ ವೆಲ್ಲೂರಿನ ವೈದ್ಯರು, ಸಸ್ಯಾಹಾರಿಗಳಾದ ಬಡ ತಾಯಂದಿರ ಹಾಲನ್ನೇ ಕುಡಿದು ಬೆಳೆದ ಕೆಲವು ಶಿಶುಗಳು ನಗುವುದನ್ನೂ ಕೂಡುವುದನ್ನೂ ಮರೆತು ಮಂಕಾಗಿ, ಮೈ ಕಪ್ಪಿಟ್ಟು, ನೆತ್ತರು ಕುಂದಿದ್ದುದನ್ನು ಕಂಡು, ಅದು ಬಿ12ರ ಕೊರತೆಯೆಂದು ತೋರಿಸಿಕೊಟ್ಟರು. ಸಸ್ಯಾಹಾರ ತಪ್ಪೆಂದು ಇದರ ಅರ್ಥವಲ್ಲ. ಹಾಲು ಮೊಸರೂ ಇಲ್ಲದ ಬಡತನದ ಸಸ್ಯಾಹಾರ ತಾಯಿಗೂ ಮಗುವಿಗೂ ಸಾಲದೆಂದು ಅರ್ಥ.

ಕಬ್ಬಿಣದ ಲೆಕ್ಕ

ಇನ್ನು ಎಲ್ಲಕ್ಕಿಂತ ವ್ಯಾಪಕವಾದ ಕೊರತೆ ಕಬ್ಬಿಣದ್ದು. ನೆತ್ತರಿನ ಕೆಂಪು ಕಣಗಳಲ್ಲಿ ಪ್ರಾಣವಾಯುವನ್ನು ಹೊರುವ ಹಿಮೊಗ್ಲೋಬಿನ್ನಿಗೆ ಕಬ್ಬಿಣ ಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನಲ್ಲಿ ಇದು ಡೆಸಿಲೀಟರಿಗೆ 11 ಗ್ರಾಮಿಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ.

ಪ್ರಕೃತಿ ಇಲ್ಲಿ ಒಂದು ಗಂಟನ್ನು ಕಟ್ಟಿ ಕೂಸನ್ನು ಲೋಕಕ್ಕೆ ಕಳಿಸುತ್ತದೆ. ತುಂಬು ತಿಂಗಳಲ್ಲಿ ಹುಟ್ಟಿದ ಮಗುವಿನ ದೇಹದಲ್ಲಿ ಕಿಲೋ ತೂಕಕ್ಕೆ ಸುಮಾರು 75 ಮಿ.ಗ್ರಾಂ ಕಬ್ಬಿಣ ಇರುತ್ತದೆ; ಅದರ ಹೆಚ್ಚಿನ ಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಬಂದುದು. ಆದುದರಿಂದ ತಿಂಗಳು ತುಂಬದೆ ಹುಟ್ಟಿದ ಮಗುವಿನ ಗಂಟು ಚಿಕ್ಕದು. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಿದರೆ ಮಾಸಿನಲ್ಲಿ ಉಳಿದ ನೆತ್ತರು ಮಗುವಿಗೆ ಹರಿದು ಗಂಟು ದೊಡ್ಡದಾಗುತ್ತದೆ. ತಾಯಿಯ ಹಾಲಿನಲ್ಲಿ ಕಬ್ಬಿಣ ಬಹಳ ಕಡಿಮೆ, ಲೀಟರಿಗೆ ಅರ್ಧ ಮಿ.ಗ್ರಾಮಿನಷ್ಟೂ ಇಲ್ಲ, ಆದರೆ ಇರುವುದರಲ್ಲಿ ಸುಮಾರು ಅರ್ಧ ಭಾಗವನ್ನು ಮಗು ಹೀರಿಕೊಳ್ಳುತ್ತದೆ. ಹೀಗೆ ಗಂಟನ್ನು ಕರಗಿಸುತ್ತ ಕೂಸು ಐದಾರು ತಿಂಗಳು ಸಾಗುತ್ತದೆ. ಅಷ್ಟರಲ್ಲಿ ಹುಟ್ಟಿದಾಗಿನ ತೂಕ ಇಮ್ಮಡಿಯಾಗಿರುತ್ತದೆ. ವರ್ಷ ತುಂಬುವಾಗ ಮುಮ್ಮಡಿ. ಗಂಟು ಮುಗಿಯಿತು, ಬೆಳವಣಿಗೆ ನಿಲ್ಲಲಿಲ್ಲ! ಆ ಹೊತ್ತಿಗೆ ಕಬ್ಬಿಣವುಳ್ಳ ಮೇಲೂಟ ಬಾಯಿಗೆ ಬೀಳಲೇಬೇಕು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿ.ಗ್ರಾಂ ಕಬ್ಬಿಣ ಬೇಕೆಂದು ನಮ್ಮ ದೇಶದ ತಜ್ಞರು 2020ರಲ್ಲಿ ಗೊತ್ತುಪಡಿಸಿದ್ದಾರೆ.

ನಮ್ಮ ಮನೆಗಳಲ್ಲಿ ಆಗುವುದೇನು? ಆರು ತಿಂಗಳಾದ ಮೇಲೆ ನೀರು ಬೆರೆಸಿದ ಹಸುವಿನ ಹಾಲು, ತೆಳ್ಳಗಿನ ಗಂಜಿ, ಸ್ವಲ್ಪ ದೊಡ್ಡದಾದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು. ಹಸುವಿನ ಹಾಲಿನಲ್ಲಿ ಕಬ್ಬಿಣ ಬಹು ಕಡಿಮೆ. ಮೇಲಾಗಿ ವರ್ಷದೊಳಗಿನ ಮಗುವಿಗೆ ಅದನ್ನೇ ಮುಖ್ಯ ಆಹಾರ ಮಾಡಿದರೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ನೆತ್ತರು ಜಿನುಗುವುದೂ ಉಂಟು. ಚಹಾದ ಒಗರು ಊಟದಲ್ಲಿನ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಇದರ ಮೇಲೆ ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಕೊಕ್ಕೆಹುಳುವಿನ ಕಾಟ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಉಳ್ಳವರು ದೇಶದಲ್ಲಿ ನೂರಕ್ಕೆ 67.1, ಕರ್ನಾಟಕದಲ್ಲಿ 65.5. 2016–18ರಲ್ಲಿ ನಡೆದ ಮಕ್ಕಳ ಸಮಗ್ರ ಪೋಷಣ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದವರಲ್ಲಿ ಈ ಸಂಖ್ಯೆ ನೂರಕ್ಕೆ 41. ಈ ಅಂತರವನ್ನು ಕಂಡು ಓದುಗರು ಗಲಿಬಿಲಿಗೊಳ್ಳಬಾರದು. ಮೊದಲನೆಯದರಲ್ಲಿ ಬೆರಳಿಗೋ ಹಿಮ್ಮಡಿಗೋ ಚುಚ್ಚಿ ತೆಗೆದ ಹನಿಯನ್ನು, ಎರಡನೆಯದರಲ್ಲಿ ರಕ್ತನಾಳದಿಂದ ತೆಗೆದ ನೆತ್ತರನ್ನು ಪರೀಕ್ಷಿಸಿದರು. ವಯಸ್ಸಿನ ಮಿತಿಯೂ ಬೇರೆ. ಯಾವ ಲೆಕ್ಕವನ್ನು ಹಿಡಿದರೂ ನಮ್ಮ ಊರಿನ ಐದು ಮಕ್ಕಳಲ್ಲಿ ಇಬ್ಬರಾದರೂ ನೆತ್ತರು ಕುಂದಿದವರೇ. ಇದು ಬಣ್ಣ ಬಿಳಿಚಿಕೊಳ್ಳುವ ಮಾತಷ್ಟೇ ಅಲ್ಲ. ಮಿದುಳು ಅತಿ ವೇಗದಿಂದ ಬೆಳೆಯುವುದು ಮೊದಲ ಎರಡು ವರ್ಷಗಳಲ್ಲಿ. ಆಗ ಕಬ್ಬಿಣ ಸಾಲದೆ ಹೋದರೆ ಕಲಿಯುವ ಶಕ್ತಿ ಕುಗ್ಗಿ, ಆಮೇಲೆ ಕೊಟ್ಟರೂ ಪೂರ್ತಿ ಸರಿಹೋಗದೆ ಇರಬಹುದು. ಶಾಲೆಯ ಹಿಂದಿನ ಬೆಂಚಿನಲ್ಲಿ ಮಂಕಾಗಿ ಕುಳಿತ ಹುಡುಗನನ್ನು ‘ದಡ್ಡ’ ಎನ್ನುವ ಮುನ್ನ ನಾವು ಇದನ್ನು ನೆನೆಯಬೇಕು.

ಕಪ್ಪು ಮಲದ ಪ್ರಸಂಗ

ನಮ್ಮ ಅಕ್ಕನ ಮಗು ಹದಿನಾಲ್ಕು ತಿಂಗಳಿನದಾಗಿದ್ದಾಗ ಯಾವಾಗಲೂ ಗೋಡೆಯ ಮಣ್ಣನ್ನು ಕೆರೆದು ತಿನ್ನುತ್ತಿತ್ತು. ಬೈದರೂ ಬಿಡಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಹಿಮೊಗ್ಲೋಬಿನ್ 8.6 ಎಂದರು, ದಿನವೂ ಹಾಕಲು ಕಬ್ಬಿಣದ ಔಷಧದ ಸೀಸೆ ಬರೆದುಕೊಟ್ಟರು. ಮೂರು ದಿನ ಹಾಕಿದ ಮೇಲೆ ಮಗುವಿನ ಮಲ ಇದ್ದಿಲಿನಂತೆ ಕಪ್ಪಾಯಿತು. ನಮ್ಮಜ್ಜಿ ನೋಡಿ ಹೌಹಾರಿದರು. “ಕರುಳೇ ಸುಟ್ಟುಹೋಯ್ತದೆ ಕಣವ್ವಾ, ಆ ಔಸ್ತಿ ಬ್ಯಾಡ” ಎಂದು ಸೀಸೆಯನ್ನು ಅಟ್ಟದ ಮೇಲಿಟ್ಟರು. ಅಕ್ಕ ಮಾತಾಡಲಿಲ್ಲ. ಐದು ಮಕ್ಕಳನ್ನು ಹೆತ್ತು ಇಬ್ಬರನ್ನು ಮಣ್ಣು ಮಾಡಿದ ಅಜ್ಜಿಯ ಮುಂದೆ ಮಾತಾಡುವುದು ಸುಲಭವಲ್ಲ.

ಎರಡು ತಿಂಗಳ ಮೇಲೆ ರಜೆಗೆ ಹೋದಾಗ ನನಗೆ ಈ ಸಂಗತಿ ತಿಳಿಯಿತು. ಅಂಗನವಾಡಿಯ ಟೀಚರನ್ನು ಕೇಳಿದೆನು. ಅವರು ನಕ್ಕು, ಕೊಟ್ಟ ಕಬ್ಬಿಣವೆಲ್ಲ ಮೈಗೆ ಹತ್ತುವುದಿಲ್ಲ, ಹತ್ತದೆ ಉಳಿದುದು ಹೊರಹೋಗುವಾಗ ಮಲ ಕಪ್ಪಾಗುತ್ತದೆ, ಇದರಿಂದ ಏನೂ ಕೆಡುಕಿಲ್ಲ ಎಂದರು. ನಾನು ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂಗಾದ್ರೆ ಸೀಸೆ ಕೊಟ್ಟೋರು ಅವತ್ತೇ ಯಾಕೆ ಹೇಳಲಿಲ್ಲ ಮಗಾ?” ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೆ ಆಸ್ಪತ್ರೆಗೆ ಹೋಗಿ ಹೊಸದಾಗಿ ಔಷಧ ಬರೆಸಿಕೊಂಡು ಬಂದೆವು. ಈ ಸಲ ಅಜ್ಜಿಯೇ ದಿನವೂ ನೆನಪಿಟ್ಟು ಹಾಕಿದರು. ಮೂರು ತಿಂಗಳಲ್ಲಿ 10.4 ಆಯಿತು, ಮಣ್ಣು ತಿನ್ನುವುದು ನಿಂತಿತು. ಇನ್ನೂ 11 ಮುಟ್ಟಿಲ್ಲ. ಅಟ್ಟದ ಮೇಲೆ ಹೋದ ಆ ಎರಡು ತಿಂಗಳು ಮಾತ್ರ ಹಿಂದಿರುಗಿ ಬರುವಂತಿಲ್ಲ.

ಈ ಪ್ರಸಂಗದಲ್ಲಿ ಅಜ್ಜಿಯ ತಪ್ಪೇನೂ ನನಗೆ ಕಾಣಲಿಲ್ಲ. ಕಣ್ಣಿಗೆ ಕಂಡುದನ್ನು ನೋಡಿ ಮಗುವನ್ನು ಕಾಪಾಡಲು ಹೊರಟರು, ಅಷ್ಟೆ. ಔಷಧ ಮನೆಯೊಳಕ್ಕೆ ಬಂತು, ಅದರ ತಿಳಿವಳಿಕೆ ಹೊರಗೇ ಉಳಿಯಿತು. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಂತೆ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಔಷಧ ಕೊಡಬೇಕು; ಅದರಲ್ಲಿ 20 ಮಿ.ಗ್ರಾಂ ಕಬ್ಬಿಣವೂ 100 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಇದು ಕೊರತೆ ಬಾರದಿರಲಿಕ್ಕೆ. ಕೊರತೆ ಬಂದ ಮೇಲೆ ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು: ಕಬ್ಬಿಣದ ಔಷಧವನ್ನಾಗಲಿ ಮಾತ್ರೆಗಳನ್ನಾಗಲಿ ಮಗು ತಾನೇ ತೆಗೆದು ಒಮ್ಮೆಗೇ ಬಹಳ ನುಂಗಿದರೆ ಅದು ವಿಷವಾಗುತ್ತದೆ. ಸೀಸೆ ಮಗುವಿನ ಕೈಗೆ ಎಟುಕಬಾರದು, ದೊಡ್ಡವರ ನೆನಪಿಗೆ ಎಟುಕುತ್ತಿರಬೇಕು.

ಕಣ್ಣಿನ ಬೆಳಕು

‘ಎ’ ಜೀವಸತ್ವವನ್ನು 1913ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಕಂಡುಹಿಡಿದರು. ಮಬ್ಬು ಬೆಳಕಿನಲ್ಲಿ ಕಾಣಲು ಕಣ್ಣಿನ ಹಿಂಪರದೆಗೆ ಬೇಕಾದ ವರ್ಣದ್ರವ್ಯ ಇದರಿಂದಲೇ ಆಗುತ್ತದೆ. ಇದು ಕಡಿಮೆಯಾದಾಗ ಮೊದಲು ಕಾಣುವ ಚಿಹ್ನೆ ಇರುಳುಗುರುಡು. ದೀಪ ಹಚ್ಚುವ ಹೊತ್ತಿಗೆ ಮಗು ಆಟ ಬಿಟ್ಟು ಒಂದು ಮೂಲೆ ಹಿಡಿಯುತ್ತದೆ, ತಟ್ಟೆಯಲ್ಲಿಟ್ಟುದನ್ನು ತಡವುತ್ತದೆ. ಮುಂದೆ ಕಣ್ಣಿನ ಬಿಳಿಭಾಗ ಒಣಗಿ ನೊರೆಯಂಥ ಚುಕ್ಕೆಗಳು ಕಾಣುತ್ತವೆ. ಇವನ್ನು ಬಿಟೊ ಚುಕ್ಕೆಗಳೆನ್ನುತ್ತಾರೆ. ಆಗಲೂ ಎಚ್ಚರಗೊಳ್ಳದಿದ್ದರೆ, ಮುಖ್ಯವಾಗಿ ದಡಾರದಂಥ ಕಾಯಿಲೆ ಬಂದಾಗ, ಕರಿಗುಡ್ಡೆ ಮೆತ್ತಗಾಗಿ ಕಣ್ಣು ಹೋಗುತ್ತದೆ. ಇರುಳುಗುರುಡನ್ನು ಗುಣಪಡಿಸಬಹುದು, ಹೋದ ಕಣ್ಣನ್ನು ತರಲಾಗದು.

ಈ ಕೊರತೆ ಕಣ್ಣಿಗೆ ಮಾತ್ರ ಸಂಬಂಧಿಸಿದ್ದೆಂದು ಬಹಳ ಕಾಲ ತಿಳಿದಿದ್ದರು. ಮಗುವಿನ ಕರುಳು, ಶ್ವಾಸಕೋಶಗಳ ಒಳಪೊರೆಯನ್ನು ಕಾಯುವುದೂ ಇದೇ. 1990ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಅಧ್ಯಯನವೊಂದರಲ್ಲಿ ವಾರವಾರ ಸ್ವಲ್ಪ ಸ್ವಲ್ಪ ‘ಎ’ ಜೀವಸತ್ವ ಪಡೆದ ಮಕ್ಕಳಲ್ಲಿ ಮರಣಗಳು ಪಡೆಯದ ಮಕ್ಕಳಿಗಿಂತ ಅರ್ಧಕ್ಕೂ ಕಡಿಮೆಯಾದುವು. ನಮ್ಮ ದೇಶದಲ್ಲಿ 1970ರಿಂದಲೇ ಈ ಜೀವಸತ್ವವನ್ನು ಮಕ್ಕಳಿಗೆ ಕೊಡುವ ಕಾರ್ಯಕ್ರಮವಿದೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆಯ ಜೊತೆಗೆ ಒಂದು ಲಕ್ಷ ಮಾನ, ಆಮೇಲೆ ಆರು ಆರು ತಿಂಗಳಿಗೊಮ್ಮೆ ಎರಡು ಲಕ್ಷ ಮಾನ, ಹೀಗೆ ಐದು ವರ್ಷದೊಳಗೆ ಒಟ್ಟು ಒಂಬತ್ತು ಸಲ. ಯಕೃತ್ತು ಇದನ್ನು ಕೂಡಿಟ್ಟುಕೊಂಡು ತಿಂಗಳುಗಟ್ಟಲೆ ಬಳಸಬಲ್ಲುದರಿಂದ ಇದು ಸಾಧ್ಯ. ಅದೇ ಕಾರಣದಿಂದ ಹೆಚ್ಚಾದರೆ ಹಾನಿಯೂ ಉಂಟು. ಒಂದೇ ಸರದಿಯಲ್ಲಿ ಎರಡು ಕಡೆ ಹಾಕಿಸಬಾರದು, ಚೀಟಿಯನ್ನು ಜೋಪಾನ ಮಾಡಬೇಕು.

ಆದರೆ ಈ ಜೀವಸತ್ವ ಸೀಸೆಯಲ್ಲಿ ಮಾತ್ರ ಇರುವುದಲ್ಲ. ಹಿತ್ತಲಿನ ನುಗ್ಗೆಸೊಪ್ಪು, ದಂಟು, ಹೊನಗೊನ್ನೆ, ಚಕ್ರಮುನಿ, ಪರಂಗಿಹಣ್ಣು, ಮಾವಿನಹಣ್ಣು, ಸಿಹಿಗುಂಬಳ ಇವುಗಳಲ್ಲೆಲ್ಲ ಇದರ ಮೂಲದ್ರವ್ಯವಿದೆ. ಅದು ಕರಗುವುದು ಎಣ್ಣೆ ತುಪ್ಪಗಳಲ್ಲಿ. ಆದುದರಿಂದ ಮಗುವಿಗೆ ಸೊಪ್ಪನ್ನು ಬೇಯಿಸಿ ನುರಿದು ಅರ್ಧ ಚಮಚ ತುಪ್ಪ ಬೆರೆಸಿ ಕೊಡಬೇಕು. ಬರಿಯ ನೀರಿನಲ್ಲಿ ಬೆಂದುದು ಅಷ್ಟಾಗಿ ಹತ್ತದು.

ಬಿಸಿಲು, ಸುಣ್ಣ ಮತ್ತು ರಾಗಿ

ಎಲುಬಿಗೆ ಸುಣ್ಣ ಬೇಕು. ಆ ಸುಣ್ಣ ಕರುಳಿನಿಂದ ಮೈಗೆ ಸೇರಲು ‘ಡಿ’ ಜೀವಸತ್ವ ಬೇಕು. ಇವೆರಡರಲ್ಲಿ ಯಾವುದು ಸಾಲದಿದ್ದರೂ ಎಲುಬು ಮೆತ್ತಗಾಗಿ, ನೆತ್ತಿ ಕೂಡುವುದು ತಡವಾಗಿ, ಮಣಿಕಟ್ಟು ದಪ್ಪಗಾಗಿ, ನಡೆಯತೊಡಗಿದ ಮೇಲೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಇದೇ ರಿಕೆಟ್ಸ್. ತಾಯಿಯ ಹಾಲಿನಲ್ಲಿ ‘ಡಿ’ ಬಹಳ ಕಡಿಮೆ. ನಮ್ಮ ಚರ್ಮವೇ ಬಿಸಿಲಿನಲ್ಲಿ ಇದನ್ನು ತಯಾರಿಸಿಕೊಳ್ಳಬೇಕು. ಕೂಸಿಗೆ ಎಣ್ಣೆ ಒತ್ತಿ ಎಳೆಬಿಸಿಲಿಗೆ ಹಿಡಿಯುವುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಅದು ಮಗುವಿಗೆ ಹಿತವೇ ಸರಿ. ಆದರೆ ‘ಡಿ’ಯನ್ನು ಉಂಟುಮಾಡುವ ಕಿರಣಗಳು ಸೂರ್ಯ ಮೇಲೇರಿದ ಬಳಿಕವೇ ನಮಗೆ ಹೆಚ್ಚಾಗಿ ತಲಪುವುದು. ಮೈಬಣ್ಣ ಕಪ್ಪಾಗಿದ್ದಷ್ಟೂ ಹೆಚ್ಚು ಹೊತ್ತು ಬೇಕು. ಪಟ್ಟಣದ ಗೂಡಿನಂಥ ಮನೆಗಳಲ್ಲಿ ಇದೂ ದುರ್ಲಭ. ಈ ಕಾರಣದಿಂದ ಹುಟ್ಟಿದ ಮಗುವಿಗೆ ಒಂದು ವರ್ಷದವರೆಗೆ ದಿನಕ್ಕೆ 400 ಮಾನದಷ್ಟು ‘ಡಿ’ ಹನಿಯನ್ನು ಕೊಡಬೇಕೆಂದು ಭಾರತದ ಮಕ್ಕಳ ವೈದ್ಯರ ಸಂಘ ಸಲಹೆ ಮಾಡಿದೆ.

ಸುಣ್ಣದ ವಿಷಯದಲ್ಲಿ ನಮ್ಮ ನಾಡು ಭಾಗ್ಯಶಾಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಸುಣ್ಣವಿದೆ, ಅಷ್ಟೇ ತೂಕದ ಹೊಳಪಿನ ಅಕ್ಕಿಯಲ್ಲಿ 10 ಮಿ.ಗ್ರಾಂ ಇದ್ದರೆ ಹೆಚ್ಚು. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ಮಗು ನೂರು ಗ್ರಾಂ ರಾಗಿ ಹಿಟ್ಟನ್ನು ಒಮ್ಮೆಗೆ ತಿನ್ನುವುದಿಲ್ಲ ನಿಜ. ಆದರೂ ದಿನಕ್ಕೆರಡು ಸಲ ಕೊಡುವ ರಾಗಿ ಸರಿ ಒಂದು ದೊಡ್ಡ ಆಧಾರ. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ ಮಾಡುವ ನಮ್ಮ ಅಜ್ಜಿಯರ ಕ್ರಮದಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಕಾಳಿನಲ್ಲಿ ಫೈಟೇಟ್ ಎಂಬ ಪದಾರ್ಥ ಸುಣ್ಣ ಕಬ್ಬಿಣಗಳನ್ನು ಕಟ್ಟಿಹಾಕಿರುತ್ತದೆ. ಮೊಳಕೆ ಬಂದಾಗ ಆ ಕಟ್ಟು ಸಡಿಲಗೊಳ್ಳುತ್ತದೆ. ಅಲ್ಲದೆ ಮೊಳಕೆಯ ಹಿಟ್ಟಿನ ಸರಿ ಅಂಟಂಟಾಗದೆ ಇರುವುದರಿಂದ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ.

ಉಪ್ಪಿನೊಳಗಿನ ಅಯೋಡಿನ್, ಭೇದಿಯ ಕಾಲಕ್ಕೆ ಸತು

ಅಯೋಡಿನ್ ಕೊರತೆಯಿಂದ ಕತ್ತಿನಲ್ಲಿ ಗಳಗಂಡ ಬರುವುದನ್ನು ನಾವು ಬಲ್ಲೆವು. ಆದರೆ ಅದು ಗರ್ಭಿಣಿಗೆ ಸಾಲದೆ ಹೋದರೆ ಹುಟ್ಟುವ ಮಗು ಕಿವುಡು ಮೂಕತನಕ್ಕೂ ಬುದ್ಧಿಮಾಂದ್ಯಕ್ಕೂ ಗುರಿಯಾಗಬಹುದು. ಮಳೆನೀರು ಮಣ್ಣಿನ ಅಯೋಡಿನ್ನನ್ನು ತೊಳೆದೊಯ್ಯುವ ಬೆಟ್ಟದ ಸೀಮೆಗಳಲ್ಲಿ ಇದು ಹೆಚ್ಚು. 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪನ್ನು ಕೊಡುವ ಪ್ರಯೋಗವನ್ನು ಆರಂಭಿಸಿ, ಗಳಗಂಡ ಇಳಿಯುವುದೆಂದು ತೋರಿಸಿಕೊಟ್ಟರು. ಅದರ ಬಲದಿಂದ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಹುಟ್ಟಿತು. ಇಂದು ಮನೆಗೆ ಬರುವ ಉಪ್ಪಿನಲ್ಲಿ ದಶಲಕ್ಷಕ್ಕೆ 15 ಪಾಲಾದರೂ ಅಯೋಡಿನ್ ಇರಬೇಕೆಂದು ಕಟ್ಟಳೆಯಿದೆ. ಒಲೆಯ ಪಕ್ಕದಲ್ಲಿ ತೆರೆದಿಟ್ಟ ಉಪ್ಪಿನಿಂದ ಅದು ಕ್ರಮೇಣ ಹಾರಿಹೋಗುವುದರಿಂದ ಮುಚ್ಚಳವಿರುವ ಭರಣಿಯಲ್ಲಿ ಇಡುವುದು ಒಳ್ಳೆಯದು.

ಸತುವಿನ ಹೆಸರು ನಮ್ಮಲ್ಲಿ ಅಷ್ಟು ಪರಿಚಿತವಲ್ಲ. ಇದು ಸಾಲದಿದ್ದರೆ ಮಗು ಬೆಳೆಯುವುದಿಲ್ಲ, ಭೇದಿ ಬೇಗ ನಿಲ್ಲುವುದಿಲ್ಲ. ಭೇದಿಯಾದರೆ ಮೈಯಲ್ಲಿದ್ದ ಸತುವೂ ಹರಿದುಹೋಗುತ್ತದೆ. ಆದುದರಿಂದ ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆಗಳ ಜೀವಜಲದೊಡನೆ ಹದಿನಾಲ್ಕು ದಿನ ಸತುವಿನ ಮಾತ್ರೆಯನ್ನೂ ಕೊಡಬೇಕು: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ, ಅದಕ್ಕೂ ಚಿಕ್ಕವರಿಗೆ 10. ಭೇದಿ ನಿಂತಿತೆಂದು ಮೂರನೆಯ ದಿನ ಮಾತ್ರೆ ಬಿಡುವುದು ನಮ್ಮ ಸಾಮಾನ್ಯ ತಪ್ಪು.

ಮಾಡಬೇಕಾದುದೇನು?

ಮೇಲಿನ ಸಮೀಕ್ಷೆಯ ಪ್ರಕಾರವೇ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ತಕ್ಕಷ್ಟು ಆಹಾರ ಪಡೆಯುವವರು ದೇಶದಲ್ಲಿ ನೂರಕ್ಕೆ 11.3 ಮಾತ್ರ. ಇದಕ್ಕೆ ಬಡತನ ಒಂದು ಕಾರಣ, ಅದನ್ನು ಮರೆತು ತಾಯಂದಿರಿಗೆ ಉಪದೇಶ ಮಾಡುವುದು ಅನ್ಯಾಯ. ಕೂಲಿಗೆ ಹೋಗುವ ತಾಯಿ ದಿನಕ್ಕೆ ನಾಲ್ಕು ಸಲ ಮಗುವಿಗೆ ಉಣ್ಣಿಸುವುದೆಂತು? 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಿಂದ ಆರಂಭವಾದ ಅಂಗನವಾಡಿಗಳು, 2017ರಲ್ಲಿ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡಲು ಹೊರಟ ಮಾತೃಪೂರ್ಣ ಯೋಜನೆ ಇವುಗಳ ಅಗತ್ಯವಿರುವುದು ಇಲ್ಲಿಯೇ. ಆದರೆ ಕೈಯಳತೆಯಲ್ಲಿರುವುದನ್ನೂ ತಿಳಿಯದೆ ಬಿಡುವುದು ಇನ್ನೊಂದು ಕಾರಣ. ಅದಕ್ಕಾಗಿ ಕೆಲವು ಮಾತುಗಳನ್ನು ಕ್ರಮವಾಗಿ ಹೇಳುತ್ತೇನೆ.

ಒಂದು: ಬಸುರಿಗೂ ಬಾಣಂತಿಗೂ ಬೇಳೆ, ಸೊಪ್ಪು, ಹಣ್ಣು, ಹಾಲುಗಳನ್ನು ಪಥ್ಯದ ಹೆಸರಿನಲ್ಲಿ ತಪ್ಪಿಸಬಾರದು, ಅನ್ನದ ಗಂಜಿಯನ್ನು ಬಸಿದು ಚೆಲ್ಲಬಾರದು.

ಎರಡು: ಆರು ತಿಂಗಳು ತಾಯಿಹಾಲು ಮಾತ್ರ; ಆ ಬಳಿಕ ತಡಮಾಡದೆ ಮೇಲೂಟ, ಜೊತೆಗೆ ಎರಡು ವರ್ಷದವರೆಗೂ ತಾಯಿಹಾಲು. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಅನಂತರ ಮೂರು ನಾಲ್ಕು ಸಲ.

ಮೂರು: ಮೇಲೂಟ ಚಮಚದಿಂದ ನೀರಿನಂತೆ ಹರಿಯಬಾರದು. ರಾಗಿ ಸರಿಗೆ ಹುರಿದ ಹೆಸರುಬೇಳೆ, ನುರಿದ ಸೊಪ್ಪು, ಒಂದಿಷ್ಟು ತುಪ್ಪ ಸೇರಲಿ. ತಿನ್ನುವ ಮನೆಗಳಲ್ಲಿ ಮೊಟ್ಟೆ, ಮುಳ್ಳು ತೆಗೆದ ಮೀನು, ಈಲಿ ಇವುಗಳೂ ಮಗುವಿಗೆ ಸಲ್ಲುತ್ತವೆ.

ನಾಲ್ಕು: ಊಟದೊಡನೆ ಎರಡು ಹನಿ ನಿಂಬೆರಸ, ಒಂದು ಹೋಳು ಸೀಬೆ ಅಥವಾ ನೆಲ್ಲಿ ಇದ್ದರೆ ಅದರಲ್ಲಿನ ‘ಸಿ’ ಜೀವಸತ್ವ ಕಾಳು ಸೊಪ್ಪುಗಳ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಚಹಾ ಬೇಡವೇ ಬೇಡ.

ಐದು: ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಔಷಧ, ‘ಎ’ ಜೀವಸತ್ವ, ವರ್ಷ ತುಂಬಿದ ಮೇಲೆ ಜಂತುಹುಳುವಿನ ಮಾತ್ರೆ ಇವನ್ನು ತಪ್ಪದೆ ಕೊಡಿಸಬೇಕು. ತೀರ ಸೊರಗಿದ ಮಗುವನ್ನು ಮಾತ್ರ ಮೊದಲು ವೈದ್ಯರಿಗೆ ತೋರಿಸಬೇಕು.

ಇವುಗಳಲ್ಲಿ ಯಾವುದೂ ಹೊಸದಲ್ಲ, ಯಾವುದೂ ಗಹನವಲ್ಲ. ಆದರೂ ಮನೆಮನೆಗೆ ಮುಟ್ಟಿಲ್ಲ. ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಹೆಚ್ಚಿನವರು ನನ್ನಂತೆಯೇ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಸೀಸೆಯ ಮೇಲಿನ ಅಕ್ಷರವನ್ನು ಓದಿ ಹೇಳಬಲ್ಲವರು ಆ ಮನೆಗಳಲ್ಲಿ ನಾವೊಬ್ಬರೇ. ನಮ್ಮಲ್ಲಿ ಕೆಲವರು ನಾಳೆ ಉಪಾಧ್ಯಾಯರಾಗುವೆವು, ಕೆಲವರು ಕಚೇರಿಗಳಲ್ಲಿ ಕೂಡುವೆವು, ಎಲ್ಲರೂ ಯಾವುದಾದರೊಂದು ಮಗುವಿಗೆ ತಾಯಿಯೋ ತಂದೆಯೋ ಚಿಕ್ಕಮ್ಮನೋ ಸೋದರಮಾವನೋ ಆಗುವೆವು. ಈ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲೆ ಒಂದು ಸೀಸೆ ಕುಳಿತಿದೆಯೇ ಎಂದು ಪ್ರತಿಯೊಬ್ಬರೂ ನೋಡುವುದಾದರೆ ಈ ಲೇಖನ ಬರೆದುದು ಸಾರ್ಥಕ. ನಮ್ಮಜ್ಜಿ ನನ್ನನ್ನು ಕೇಳಿದ ಪ್ರಶ್ನೆಯನ್ನು ನಾಳೆ ಯಾವ ಅಜ್ಜಿಯೂ ನಮ್ಮನ್ನು ಕೇಳದಂತಾಗಲಿ.